ಕೊಟ್ಟವರ ಹೆಸರು, ಪಡೆದವರ ಹೆಸರು

ಮೆಲ್ಬರ್ನಿನ ಪಶ್ಚಿಮ ಭಾಗದ ನಮ್ಮ ಧರ್ಮಕೇಂದ್ರದಲ್ಲಿ, ದೇವಾಲಯದ ಹಿಂಬದಿಗೆ ಅಂಟಿಕೊಂಡಂತೆ ಒಂದು ಸಣ್ಣ ಕೋಣೆಯಿದೆ. ಹದಿನೈದು ದಿನಕ್ಕೊಮ್ಮೆ, ಮಂಗಳವಾರ ಸಂಜೆ ಏಳೂವರೆಗೆ, ಬಡವರ ಮನೆಗಳಿಗೆ ಹೋಗಿ ನೆರವಾಗುವ ಸಂಘವೊಂದರ ನಾವು ಎಂಟು ಮಂದಿ ಅಲ್ಲಿ ಸೇರುತ್ತೇವೆ. ಮೊದಲು ಪ್ರಾರ್ಥನೆ, ಆಮೇಲೆ ಶುಭಸಂದೇಶದ ನಾಲ್ಕು ಸಾಲಿನ ವಾಚನ, ಹಿಂದಿನ ಸಭೆಯ ವರದಿ, ಈ ಎರಡು ವಾರಗಳಲ್ಲಿ ಯಾರು ಯಾರ ಮನೆಗೆ ಹೋಗಿ ಬಂದರು ಎಂಬ ವಿವರ, ಲೆಕ್ಕಪತ್ರ, ಮತ್ತೆ ಪ್ರಾರ್ಥನೆ. ಇವುಗಳ ನಡುವೆ ನೀಲಿ ಬಟ್ಟೆಯ ಚೀಲವೊಂದು ಕೈಯಿಂದ ಕೈಗೆ ದಾಟುತ್ತದೆ. ಪ್ರತಿಯೊಬ್ಬರೂ ಮುಷ್ಟಿ ಬಿಗಿಹಿಡಿದು ಕೈಯನ್ನು ಚೀಲದೊಳಗೆ ಇಳಿಸಿ, ಒಳಗೇ ಬಿಚ್ಚಿ, ಹೊರತೆಗೆಯುತ್ತಾರೆ. ಐವತ್ತು ಡಾಲರ್ ಹಾಕಿದವರ ಕೈಯೂ ಏನನ್ನೂ ಹಾಕದವರ ಕೈಯೂ ನೋಡುವವರಿಗೆ ಒಂದೇ ರೀತಿ ಕಾಣುತ್ತದೆ. ಇದಕ್ಕೆ ಇಲ್ಲಿ ಗುಪ್ತ ಕಾಣಿಕೆಯೆಂದೇ ಹೆಸರು. ಒಂಬತ್ತು ವರ್ಷಗಳ ಹಿಂದೆ ಮೊದಲ ಸಲ ಆ ಚೀಲ ನನ್ನ ಮುಂದೆ ಬಂದಾಗ, ನಾನು ಇಪ್ಪತ್ತು ಡಾಲರಿನ ನೋಟನ್ನು ಮಡಿಕೆ ಬಿಡಿಸಿ, ನಾಲ್ಕು ಜನಕ್ಕೆ ಕಾಣುವಂತೆ ಎತ್ತಿ ಹಿಡಿದೇ ಹಾಕಿದೆ. ಪಕ್ಕದಲ್ಲಿ ಕುಳಿತಿದ್ದ ಹಿರಿಯರು ಸುಮ್ಮನೆ ನಕ್ಕರು.

ಹಾಗೆ ಹಾಕುವುದು ನನಗೆ ರಕ್ತದಲ್ಲಿ ಬಂದದ್ದು. ನಾನು ಹಾಸನ ಸೀಮೆಯ ಒಂದು ಕಥೋಲಿಕ ಹಳ್ಳಿಯವನು. ನಮ್ಮೂರ ದೇವಾಲಯದಲ್ಲಿ ಭಾನುವಾರದ ಬಲಿಪೂಜೆ (ಮಾಸ್) ಮುಗಿದು ಅಂತಿಮ ಆಶೀರ್ವಾದಕ್ಕೆ ಮುಂಚೆ ಪ್ರಕಟಣೆಗಳಿರುತ್ತವೆ. ಹಬ್ಬದ ತೇರಿಗೆ ಹೂವಿನ ಅಲಂಕಾರ ಯಾರದು, ನವದಿನದ ಮೂರನೆಯ ದಿನದ ಊಟ ಯಾರ ಮನೆಯದು, ಗುಡಿಯ ಸುಣ್ಣಬಣ್ಣಕ್ಕೆ ಯಾರು ಎಷ್ಟು ಕೊಟ್ಟರು ಎಂಬುದನ್ನು ಸ್ವಾಮಿಯವರು ಒಂದೊಂದಾಗಿ ಓದುತ್ತಾರೆ. ತಲೆಯ ಮೇಲೆ ತಿರುಗುವ ಫ್ಯಾನಿನ ರೆಕ್ಕೆಯ ಮೇಲೆ, ಬೆಂಚಿನ ಬೆನ್ನಿನ ಮೇಲೆ, ಟ್ಯೂಬ್‌ಲೈಟಿನ ಪಟ್ಟಿಯ ಮೇಲೆ ಕೊಟ್ಟವರ ಹೆಸರಿರುತ್ತದೆ. ನಮ್ಮಪ್ಪ ಒಂದು ಬೆಂಚು ಮಾಡಿಸಿ ಕೊಟ್ಟಿದ್ದರು, ಅದರ ಮೇಲೆ ನನ್ನ ತಾತನ ಹೆಸರು ಬರೆಸಿದ್ದರು. ಇದನ್ನು ಬರೇ ಬಡಾಯಿ ಎಂದು ತಳ್ಳಿಹಾಕುವವರ ಜೊತೆ ನಾನು ಸೇರಲಾರೆ, ಏಕೆಂದರೆ ಆ ಬೆಂಚಿನಲ್ಲಿ ಕುಳಿತವರು ತಾತನನ್ನು ನೆನೆದು, ಯೇಸು ಕಲಿಸಿದ ಪರಲೋಕ ಮಂತ್ರವನ್ನು ಒಂದು ಸಲ ಹೇಳಲಿ ಎಂಬುದೇ ಅಪ್ಪನ ಆಸೆಯಾಗಿತ್ತು. ಸತ್ತವರ ಆತ್ಮಶಾಂತಿಗಾಗಿ ಬಲಿಪೂಜೆ ಹೇಳಿಸುವಾಗಲೂ ಹೆಸರು ಬೇಕು. ನವೆಂಬರ್ ತಿಂಗಳಲ್ಲಿ ಸತ್ತವರ ಹೆಸರುಗಳನ್ನು ಬರೆದುಕೊಟ್ಟು ಓದಿಸುತ್ತೇವೆ. ನಮ್ಮ ಕಡೆಯ ಪ್ರಾರ್ಥನೆ ಹೆಸರುಗಳಿಂದಲೇ ತುಂಬಿರುತ್ತದೆ.

ಆದರೂ ಈ ದೂರದಲ್ಲಿ ಕುಳಿತು ನೋಡುವಾಗ ನನಗೆ ಒಂದು ವಿಷಯ ಕಾಡುತ್ತದೆ. ನಮ್ಮಲ್ಲಿ ಕೊಟ್ಟವರ ಹೆಸರನ್ನೂ ಪಡೆದವರ ಹೆಸರನ್ನೂ ಜನರೆದುರಿಗೆ ಹೇಳುತ್ತೇವೆ. ಇಲ್ಲಿ ಎರಡನ್ನೂ ಮುಚ್ಚಿಡುತ್ತಾರೆ, ಕೆಲವೊಮ್ಮೆ ಪ್ರಾರ್ಥನೆಯಲ್ಲಿ ಕೂಡ. ಎರಡೂ ಕಡೆ ಏನೋ ತಪ್ಪಿಹೋಗಿದೆ ಎಂಬುದೇ ನನ್ನ ಅನಿಸಿಕೆ.

ನಾನು ಹೇಳುತ್ತಿರುವ ಈ ಸಭೆ ಸಂತ ವಿನ್ಸೆಂಟ್ ದೆ ಪೌಲರ ಹೆಸರಿನ ಸಂಘದ್ದು. ಆಸ್ಟ್ರೇಲಿಯಾದಲ್ಲಿ ಎಲ್ಲರೂ ಮುದ್ದಾಗಿ 'ವಿನ್ನಿಸ್' ಎನ್ನುತ್ತಾರೆ, ಮತಧರ್ಮದ ಗಂಧವಿಲ್ಲದವರಿಗೂ ಈ ಹೆಸರು ಗೊತ್ತು. ವಿನ್ಸೆಂಟರು 1581ರಿಂದ 1660ರವರೆಗೆ ಬಾಳಿದ ಫ್ರೆಂಚ್ ಗುರು. ಸಂಘ ಹುಟ್ಟಿದ್ದು ಅವರು ತೀರಿಕೊಂಡು ಸುಮಾರು ಒಂದೂ ಮುಕ್ಕಾಲು ಶತಮಾನ ಕಳೆದ ಬಳಿಕ, 1833ರ ಏಪ್ರಿಲ್ 23ರಂದು, ಪ್ಯಾರಿಸಿನಲ್ಲಿ. ಅದನ್ನು ಕಟ್ಟಿದವರ ಪೈಕಿ ಮುಖ್ಯನಾದ ಫ್ರೆಡರಿಕ್ ಓಜಾನಾಂ ಎಂಬ ವಿದ್ಯಾರ್ಥಿಗೆ ಅಂದೇ ಇಪ್ಪತ್ತು ತುಂಬಿತ್ತು. ಹಿಂದಿನ ವರ್ಷವಷ್ಟೇ ಕಾಲರಾ ಆ ನಗರವನ್ನು ಗುಡಿಸಿಹಾಕಿತ್ತು. ಓಜಾನಾಂ ಮತ್ತು ಗೆಳೆಯರು ಚರ್ಚಾಕೂಟವೊಂದರಲ್ಲಿ ಕ್ರೈಸ್ತಧರ್ಮದ ಪರವಾಗಿ ವಾದ ಮಾಡುತ್ತಿದ್ದರು. ಹಿಂದೆ ನಿಮ್ಮ ಧರ್ಮಸಭೆ ಒಳ್ಳೆಯದು ಮಾಡಿರಬಹುದು, ಈಗ ಬಡವರಿಗಾಗಿ ನೀವು ಏನು ಮಾಡುತ್ತಿದ್ದೀರಿ ಎಂದು ಎದುರಾಳಿಯೊಬ್ಬ ಕೇಳಿದ ಪ್ರಶ್ನೆಗೆ ಅವರ ಬಳಿ ಉತ್ತರವಿರಲಿಲ್ಲ. ಮೊದಲ ಕೆಲಸವಾಗಿ ಅವರು ಮಾಡಿದ್ದು ಚಳಿಗಾಲಕ್ಕೆಂದು ತಮಗಾಗಿ ತಂದು ಉಳಿಸಿದ್ದ ಸೌದೆಯನ್ನು ಬಡವರೊಬ್ಬರ ಮನೆಗೆ ಹೊತ್ತುಕೊಂಡು ಹೋದದ್ದು. ಬಡವರ ಮನೆಯ ಬಾಗಿಲಲ್ಲಿ ಹೇಗೆ ನಿಲ್ಲಬೇಕು, ಒಳಗೆ ಹೇಗೆ ಕೂರಬೇಕು ಎಂಬುದನ್ನು ಆ ಹುಡುಗರಿಗೆ ಹೇಳಿಕೊಟ್ಟವರು ಮೂಫ್ತಾರ್ ಎಂಬ ಬಡವರ ಬೀದಿಯಲ್ಲಿ ದುಡಿಯುತ್ತಿದ್ದ ಕನ್ಯಾಸ್ತ್ರೀ, ಸಿಸ್ಟರ್ ರೋಸಲಿ. ಓಜಾನಾಂ 1853ರಲ್ಲಿ ನಲವತ್ತರ ವಯಸ್ಸಿಗೇ ತೀರಿಕೊಂಡ. ಆ ದಿನ ಸೆಪ್ಟೆಂಬರ್ 8, ಬೆಂಗಳೂರಿನ ಶಿವಾಜಿನಗರದಲ್ಲಿ ಆರೋಗ್ಯ ಮಾತೆಯ ತೇರು ಹೊರಡುವ ತಾರೀಖು.

ಹಾಸನದವನಾದ ನನಗೆ ಈ ಕಥೆಯಲ್ಲಿ ಇನ್ನೊಂದು ಎಳೆ ಕಾಣುತ್ತದೆ. ಶ್ರೀರಂಗಪಟ್ಟಣ ಬಿದ್ದ 1799ರ ನಂತರ ಮೈಸೂರು ಸೀಮೆಗೆ ಬಂದು, ಚದುರಿಹೋಗಿದ್ದ ಕ್ರೈಸ್ತರನ್ನು ಒಟ್ಟುಗೂಡಿಸಿ, ಸಾತಳ್ಳಿಯಲ್ಲಿ ಅವರಿಗೆ ಬೇಸಾಯದ ನೆಲೆ ಒದಗಿಸಿ, ಸಿಡುಬಿನ ಲಸಿಕೆಯನ್ನು ಊರೂರಿಗೆ ಹಾಕಿಸಿದ ಫ್ರೆಂಚ್ ಗುರು ಅಬ್ಬೆ ದುಬುವಾ ಅವರನ್ನು ನಮ್ಮ ಕಡೆಯವರು ದೊಡ್ಡಸ್ವಾಮಿ ಎನ್ನುತ್ತಿದ್ದರು. ಅವರು 1823ರಲ್ಲಿ ಫ್ರಾನ್ಸಿಗೆ ಮರಳಿ, 1848ರಲ್ಲಿ ತೀರಿಕೊಳ್ಳುವ ತನಕ ಪ್ಯಾರಿಸಿನ ರ‍್ಯೂ ದ್ಯು ಬಾಕ್ ಎಂಬ ಬೀದಿಯಲ್ಲಿದ್ದ ತಮ್ಮ ಮಿಶನರಿ ಸಂಸ್ಥೆಯಲ್ಲಿ ಇದ್ದರು. ಸಿಸ್ಟರ್ ರೋಸಲಿಯವರ ಕನ್ಯಾಸ್ತ್ರೀ ಸಭೆಯ ಮೂಲಮಠವೂ ಅದೇ ಬೀದಿಯಲ್ಲಿದೆ. ದೊಡ್ಡಸ್ವಾಮಿಯವರು ಆ ಸೌದೆ ಹೊತ್ತ ಹುಡುಗರನ್ನು ಕಂಡಿದ್ದರೆಂದು ನಾನು ಹೇಳುತ್ತಿಲ್ಲ. ನಮ್ಮ ಹಳ್ಳಿಯ ಮುತ್ತಾತಂದಿರ ತೋಳಿಗೆ ಲಸಿಕೆ ಹಾಕಿಸಿದವರೂ ಈ ಮೆಲ್ಬರ್ನಿನ ನೀಲಿ ಚೀಲವೂ ಒಂದೇ ಬೀದಿಯ ಆಸುಪಾಸಿನಿಂದ ಬಂದವು ಎಂದುಕೊಂಡಾಗ ಈ ಕೋಣೆ ನನಗೆ ಅಷ್ಟೇನೂ ಪರಕೀಯ ಎನಿಸುವುದಿಲ್ಲ.

ಮೆಲ್ಬರ್ನಿಗೆ ಈ ಸಂಘ ಬಂದದ್ದು 1854ರಲ್ಲಿ. ಚಿನ್ನ ಸಿಕ್ಕಿದೆ ಎಂಬ ಸುದ್ದಿ ಕೇಳಿ ಹಡಗು ತುಂಬ ಜನ ಬಂದಿಳಿಯುತ್ತಿದ್ದ ಕಾಲ. ಗಂಡಸರು ಗಣಿಯ ಕಡೆಗೆ ಹೋಗಿಬಿಡುತ್ತಿದ್ದರು, ಹೆಂಗಸರು ಮಕ್ಕಳು ಡೇರೆಗಳಲ್ಲಿ ಉಳಿಯುತ್ತಿದ್ದರು. ಫಾದರ್ ಜೆರಾಲ್ಡ್ ವಾರ್ಡ್ ಎಂಬ ಗುರುಗಳು ಲಾನ್ಸ್‌ಡೇಲ್ ಬೀದಿಯ ಸಂತ ಫ್ರಾನ್ಸಿಸರ ದೇವಾಲಯದಲ್ಲಿ ಕೆಲವರನ್ನು ಕೂಡಿಸಿ ಸಂಘವನ್ನು ಆರಂಭಿಸಿದರು. ಅದೇ 1854ರಲ್ಲಿ ಬೆಂಗಳೂರಿಗೆ ಗುಡ್ ಶೆಫರ್ಡ್ ಸಭೆಯ ಕನ್ಯಾಸ್ತ್ರೀಯರು ಬಂದರು. ಅವರ ಕೈಯಿಂದಲೇ 1886ರಲ್ಲಿ ಸಂತ ಮಾರ್ತಾ ಆಸ್ಪತ್ರೆ ಎದ್ದಿತು. ಮಂಗಳೂರಿನ ಕಂಕನಾಡಿಯಲ್ಲಿ ಫಾದರ್ ಮುಲ್ಲರ್ ಅವರು 1880ರಲ್ಲಿ ಆಲದ ಮರದ ಕೆಳಗೆ ಹೋಮಿಯೋಪತಿ ಔಷಧ ಕೊಡತೊಡಗಿದ್ದು ಮುಂದೆ ದೊಡ್ಡ ಆಸ್ಪತ್ರೆಯಾಯಿತು. ಈ ಎರಡು ಬಗೆಯ ಆರಂಭಗಳಲ್ಲೇ ಮುಂದಿನ ವ್ಯತ್ಯಾಸದ ಬೇರು ಇದೆಯೆಂದು ನನಗೆ ತೋರುತ್ತದೆ. ನಮ್ಮಲ್ಲಿ ಸೇವೆಯೆಂದರೆ ಗುರುಗಳು ಮತ್ತು ಸಿಸ್ಟರುಗಳು ನಡೆಸುವ ಆಸ್ಪತ್ರೆ, ಶಾಲೆ, ಅನಾಥಾಲಯ, ಕುಷ್ಠರೋಗಿಗಳ ಆಶ್ರಮ. ಅವು ಅದ್ಭುತವಾದ ಕೆಲಸ ಮಾಡಿವೆ, ಮಾಡುತ್ತಿವೆ. ಆದರೆ ಅವು ಇರುವುದರಿಂದಲೇ ನಮ್ಮಂಥ ಮನೆಮಠದವರು, ಸೇವೆಯನ್ನು ಅವರು ನೋಡಿಕೊಳ್ಳುತ್ತಾರೆ, ನಮ್ಮ ಪಾಲಿಗೆ ಪ್ರಾರ್ಥನೆ ಮತ್ತು ಕಾಣಿಕೆ ಎಂದು ಭಾಗ ಮಾಡಿಕೊಂಡುಬಿಟ್ಟೆವು. ವಿನ್ಸೆಂಟ್ ದೆ ಪೌಲರ ಸಂಘ ಕರ್ನಾಟಕದ ಎಷ್ಟೋ ಧರ್ಮಕೇಂದ್ರಗಳಲ್ಲೂ ಇದೆ, ಒಳ್ಳೆಯ ಕೆಲಸವನ್ನೂ ಮಾಡುತ್ತದೆ. ಆದರೆ ನಮ್ಮೂರಿನಲ್ಲಿ ಅದು ನಾಲ್ಕೈದು ಹಿರಿಯರ ಸಂಘವಾಗಿಯೇ ಉಳಿದಿತ್ತು, ಊರಿಗೆ ಅದರ ನೆನಪಾಗುತ್ತಿದ್ದದ್ದು ಕ್ರಿಸ್ಮಸ್ ಬಂದಾಗ. ಇಲ್ಲಿ ಗುರುಗಳ ಸಂಖ್ಯೆಯೂ ಕನ್ಯಾಸ್ತ್ರೀಯರ ಸಂಖ್ಯೆಯೂ ಇಳಿದಿದೆ. ನಮ್ಮ ಧರ್ಮಕೇಂದ್ರದಲ್ಲಿ ಈಗ ಒಬ್ಬ ಸಿಸ್ಟರೂ ಇಲ್ಲ. ಮಾಡಿದರೆ ನಾವೇ ಮಾಡಬೇಕು.

ನಾವು ಮಾಡುವುದಾದರೂ ಏನು? ಕಷ್ಟದಲ್ಲಿರುವವರು ಸಹಾಯವಾಣಿಗೆ ಕರೆ ಮಾಡುತ್ತಾರೆ. ಆ ವಿವರ ನಮ್ಮ ಬಡಾವಣೆಯದ್ದಾದರೆ ನಮಗೆ ಬರುತ್ತದೆ. ಮೊದಲೇ ಹೇಳಿ, ಒಪ್ಪಿಗೆ ಪಡೆದು, ಇಬ್ಬರು ಹೋಗುತ್ತೇವೆ. ಒಬ್ಬರೇ ಹೋಗುವಂತಿಲ್ಲ. ಯೇಸು ತಮ್ಮ ಶಿಷ್ಯರನ್ನು ಇಬ್ಬಿಬ್ಬರಾಗಿ ಕಳುಹಿಸಿದರು ಎಂಬುದು ಇದಕ್ಕೆ ಕೊಡುವ ಕಾರಣ, ಆದರೆ ಒಬ್ಬರ ದುಡುಕನ್ನು ಇನ್ನೊಬ್ಬರು ತಡೆಯಲಿ ಎಂಬುದೂ ಇದರಲ್ಲಿದೆಯೆಂದು ನನಗೆ ಮೊದಲ ಭೇಟಿಯಲ್ಲೇ ಗೊತ್ತಾಯಿತು.

ಜುಲೈ ತಿಂಗಳು, ಇಲ್ಲಿಯ ಕಡು ಚಳಿಗಾಲ. ನನ್ನ ಜೊತೆಗಾರರು ಚೀಲದ ದಿನ ನಕ್ಕಿದ್ದ ಅದೇ ಎಪ್ಪತ್ತನಾಲ್ಕರ ಹಿರಿಯರು. ಅವರನ್ನು ಹೆಸರು ಹಿಡಿದು ಕರೆಯಿರಿ ಎಂದು ಅವರೇ ಹೇಳಿದ್ದರೂ ನನ್ನ ನಾಲಿಗೆ ಹೊರಳುತ್ತಿರಲಿಲ್ಲ. ಅಣ್ಣ ಎನ್ನಲು ವಯಸ್ಸು ಹೆಚ್ಚು, ಅಪ್ಪಾಜಿ ಎಂದರೆ ಅವರಿಗೆ ತಿಳಿಯದು, ಹಾಗಾಗಿ ಏನೂ ಕರೆಯದೆಯೇ ಎದುರಿಗೆ ಹೋಗಿ ನಿಂತು ಮಾತಾಡುತ್ತಿದ್ದೆ. ಹಲಗೆಗೋಡೆಯ ಹಳೆಯ ಮನೆ. ಮೂವತ್ತರ ಆಸುಪಾಸಿನ ತಾಯಿ, ಇಬ್ಬರು ಮಕ್ಕಳು, ಕೋಣೆಯಲ್ಲಿ ಹೀಟರ್ ಇದ್ದರೂ ಹಚ್ಚಿರಲಿಲ್ಲ. ಮಕ್ಕಳು ಒಂದೇ ಕಂಬಳಿಯೊಳಗೆ ಕುಳಿತು ನಮ್ಮನ್ನು ನೋಡುತ್ತಿದ್ದರು. ನಾನು ಕುಳಿತ ಕೂಡಲೇ ತೊಡೆಯ ಮೇಲೆ ನೋಟ್‌ಬುಕ್ ತೆರೆದು, ಬಾಡಿಗೆ ಎಷ್ಟು, ಕರೆಂಟ್ ಬಿಲ್ ಎಷ್ಟು ಬಾಕಿ, ಮಕ್ಕಳ ತಂದೆ ಎಲ್ಲಿದ್ದಾರೆ ಎಂದು ಕೇಳಿ ಬರೆಯತೊಡಗಿದೆ. ಆಕೆ ನನ್ನ ಪೆನ್ನಿನ ವೇಗಕ್ಕೆ ತಕ್ಕಂತೆ ಮಾತನ್ನು ನಿಧಾನಿಸುತ್ತಿದ್ದಳು, ಪೊಲೀಸ್ ಠಾಣೆಯಲ್ಲಿ ಹೇಳಿಕೆ ಬರೆಸುವವರು ನಿಧಾನಿಸುವ ಹಾಗೆ. ನನಗದು ಹೊಳೆಯಲಿಲ್ಲ. ಹಿರಿಯರು ನನ್ನ ಕಡೆ ನೋಡದೆಯೇ ನೋಟ್‌ಬುಕ್ಕಿನ ಮೇಲೆ ಅಂಗೈ ಇಟ್ಟರು. ಬಾಗಿಲ ಹಿಂದಿನ ಮೊಳೆಗೆ ಕೆಂಪು, ಬಿಳಿ, ನೀಲಿ ಪಟ್ಟೆಯ ಮಫ್ಲರ್ ತೂಗುತ್ತಿತ್ತು, ಇಲ್ಲಿಯ ಪಶ್ಚಿಮ ಬಡಾವಣೆಗಳವರ ಪ್ರಾಣವಾದ ಬುಲ್‌ಡಾಗ್ಸ್ ಫುಟ್‌ಬಾಲ್ ತಂಡದ್ದು. 1954ರಲ್ಲಿ ಒಮ್ಮೆ ಲೀಗಿನ ಪ್ರಶಸ್ತಿ ಗೆದ್ದ ಆ ತಂಡ ಮತ್ತೆ ಗೆದ್ದದ್ದು 2016ರಲ್ಲಿ. ಗೆದ್ದ ದಿನ ನೀವೆಲ್ಲಿದ್ದಿರಿ ಎಂದು ಹಿರಿಯರು ಕೇಳಿದರು. ಹತ್ತು ನಿಮಿಷ ಅವರಿಬ್ಬರೂ ಅದನ್ನೇ ಮಾತಾಡಿದರು. ಆಕೆಯ ಅಜ್ಜ ಆ ಗೆಲುವಿಗೆ ನಾಲ್ಕು ತಿಂಗಳ ಮುಂಚೆ ಸತ್ತಿದ್ದನಂತೆ. ಅಜ್ಜನ ಮಾತು ಮುಗಿದ ಮೇಲೆ ಆಕೆ ತಾನೇ ಎದ್ದು, ಫ್ರಿಜ್ಜಿನ ಮೇಲೆ ಮ್ಯಾಗ್ನೆಟ್ಟಿನಡಿ ಸಿಕ್ಕಿಸಿದ್ದ ಕರೆಂಟ್ ಬಿಲ್ಲನ್ನು ತಂದು ಅವರ ಕೈಯಲ್ಲಿಟ್ಟಳು.

ಹೊರಬಂದು ಕಾರಿನಲ್ಲಿ ಕುಳಿತ ಮೇಲೆ, ಗಾಡಿ ಚಾಲೂ ಮಾಡುವ ಮುಂಚೆ, ಹಿರಿಯರು ಕಣ್ಣು ಮುಚ್ಚಿ ಒಂದು ಪರಲೋಕ ಮಂತ್ರ ಹೇಳಿದರು. ಒಳಗೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಆಕೆ ಕೇಳಲಿಲ್ಲವಲ್ಲ ಎಂದರು. ಸಹಾಯ ಪಡೆಯುವವರು ನಮ್ಮ ಪ್ರಾರ್ಥನೆಯನ್ನು ಸಹಾಯದ ಬೆಲೆಯಾಗಿ ತೆರಬಾರದು ಎಂಬುದು ಅವರ ವಿಚಾರ. ಅದು ಸರಿಯೆಂದು ನನಗೆ ಅಂದೂ ಅನಿಸಿತು, ಇಂದೂ ಅನಿಸುತ್ತದೆ. ನಮ್ಮ ದೇಶದಲ್ಲಂತೂ ಇದನ್ನು ಇನ್ನಷ್ಟು ಬಿಗಿಯಾಗಿ ಪಾಲಿಸಬೇಕು. ಅಕ್ಕಿಯ ಚೀಲದ ಜೊತೆ ಪ್ರಾರ್ಥನೆಯೂ ಬಂದರೆ ಅದಕ್ಕೆ ಬೇರೆಯೇ ಅರ್ಥ ಕಟ್ಟುವವರಿದ್ದಾರೆ, ಕಟ್ಟಲು ಆಸ್ಪದ ಕೊಡುವವರೂ ಒಮ್ಮೊಮ್ಮೆ ಇರುತ್ತಾರೆ.

ಆ ರಾತ್ರಿ ಮನೆಗೆ ಬಂದು ಮಲಗಿದಾಗ ನೆನಪಾದದ್ದು ನಮ್ಮೂರಿನ ಒಂದು ಅಕ್ಟೋಬರ್. ಅದು ಜಪಸರದ, ಅಂದರೆ ಮಣಿಸರ ಎಣಿಸುತ್ತ ಮಾತೆಗೆ ಹೇಳುವ ಪ್ರಾರ್ಥನೆಯ, ತಿಂಗಳು. ಮಾತೆ ಮರಿಯಮ್ಮನವರ ಸ್ವರೂಪವನ್ನು ದಿನಕ್ಕೊಂದು ಮನೆಗೆ ಕೊಂಡೊಯ್ಯುತ್ತೇವೆ. ಇಡೀ ಕೇರಿ ಆ ಮನೆಯಲ್ಲಿ ಸೇರಿ ಹತ್ತು ಹತ್ತು ನಮೋ ಮರಿಯಗಳ ಐದು ಸುತ್ತು, ಅಂದರೆ ಐದು ಹತ್ತುಗಳ ಜಪಸರ ಹೇಳಿ, ಮಾತೆಯ ಗೀತೆ ಹಾಡಿ, ಕೊಟ್ಟ ಮಂಡಕ್ಕಿ ಕಾಫಿ ಮುಗಿಸಿ ಹೊರಡುತ್ತೇವೆ. ಆ ವರ್ಷ ಒಂದು ಸಂಜೆ ಕಾಫಿ ತೋಟದಲ್ಲಿ ಕೂಲಿ ಮಾಡುತ್ತಿದ್ದ ವಿಧವೆಯೊಬ್ಬರ ಮನೆ. ಹಿಂಗಾರು ಮಳೆ ಹಿಡಿದಿತ್ತು. ಹೆಂಚು ಸರಿದ ಜಾಗದಿಂದ ನೀರು ಸ್ಟೀಲ್ ಬೇಸಿನ್ನಿಗೆ ತಟ್, ತಟ್ ಎಂದು ಬೀಳುತ್ತಿತ್ತು. ಜಪಸರದ ಎರಡನೆಯ ಹತ್ತಿಗೆ ಬರುವಷ್ಟರಲ್ಲಿ ನಾವು ಹುಡುಗರು ಆ ತಾಳಕ್ಕೇ ನಮೋ ಮರಿಯ ಹೇಳುತ್ತ ಒಳಗೊಳಗೇ ನಗುತ್ತಿದ್ದೆವು. ಮಾತೆಯ ಮುಂದಿನ ಮೇಣದಬತ್ತಿಗೆ ಹನಿ ಸಿಡಿಯದಿರಲೆಂದು ನಮ್ಮಮ್ಮ ಅದನ್ನು ಒಂದು ಗೇಣು ಪಕ್ಕಕ್ಕೆ ಸರಿಸಿದಳು. ಮಳೆಗಾಗಿ ಪ್ರಾರ್ಥಿಸಿದೆವು, ರೋಗಿಗಳಿಗಾಗಿ ಪ್ರಾರ್ಥಿಸಿದೆವು, ಜಗದ್ಗುರು ಪೋಪರಿಗಾಗಿ ಪ್ರಾರ್ಥಿಸಿದೆವು. ಕೇರಿಯ ಮೂವತ್ತು ಜನ ಒಂದೂಕಾಲು ಗಂಟೆ ಆ ಸೂರಿನ ಕೆಳಗೆ ಕುಳಿತು ಎದ್ದುಬಂದೆವು. ಅವರಲ್ಲಿ ಇಬ್ಬರು ಹೆಂಚು ಹೊದಿಸುವ ಕೆಲಸದವರೇ. ಒಬ್ಬರೂ ಆ ಸೂರಿನ ಮಾತೆತ್ತಲಿಲ್ಲ.

ಕಟುಕರಾಗಿದ್ದರಿಂದ ಎತ್ತಲಿಲ್ಲ ಎಂದಲ್ಲ. ಎತ್ತಿದರೆ ಆಕೆಗೆ ಅವಮಾನವಾದೀತು ಎಂಬ ಸಂಕೋಚವೂ ಇತ್ತು, ಪ್ರಾರ್ಥನೆಗೆ ಬಂದವರು ಪ್ರಾರ್ಥನೆ ಮಾಡಿ ಹೋಗಬೇಕು ಎಂಬ ರೂಢಿಯೂ ಇತ್ತು. ಆದರೆ ಮನೆಮನೆಗೆ ಹೋಗುವ ಅಭ್ಯಾಸವನ್ನು ನಾವು ಮೆಲ್ಬರ್ನಿನವರಿಂದ ಕಲಿಯಬೇಕಾಗಿಲ್ಲ ಎಂಬುದನ್ನು ಗಮನಿಸಬೇಕು. ಇಲ್ಲಿ ಒಬ್ಬರ ಮನೆಯ ಹೊಸ್ತಿಲು ದಾಟಲು ಫೋನು, ಒಪ್ಪಿಗೆ, ಗುರುತಿನ ಚೀಟಿ, ಪೊಲೀಸ್ ತಪಾಸಣೆಯ ಪತ್ರ ಎಲ್ಲವೂ ಬೇಕು. ನಮ್ಮಲ್ಲಿ ಮಾತೆಯ ಸ್ವರೂಪ ಹಿಡಿದು ಹೊರಟರೆ ಪ್ರತಿ ಬಾಗಿಲೂ ತೆರೆದಿರುತ್ತದೆ. ಅಕ್ಟೋಬರಿನ ಮೂವತ್ತೊಂದು ಸಂಜೆ, ಜೊತೆಗೆ ಕಿರು ಕ್ರೈಸ್ತ ಸಮುದಾಯದ ಕೂಟಗಳು, ಸತ್ತವರ ಮನೆಯ ಜಪ, ಹೊಸ ಮನೆಯ ಆಶೀರ್ವಾದ. ಒಂದು ವರ್ಷದಲ್ಲಿ ಇಡೀ ಧರ್ಮಕೇಂದ್ರದ ಅಡುಗೆಮನೆಗಳನ್ನೆಲ್ಲ ನಾವು ಕಣ್ಣಾರೆ ಕಂಡಿರುತ್ತೇವೆ. ಇಲ್ಲಿಯ ಸಹಾಯವಾಣಿ ಹತ್ತು ಪ್ರಶ್ನೆ ಕೇಳಿ ತಿಳಿಯುವುದು ನಮಗೆ ಕಾಫಿ ಕುಡಿಯುವಷ್ಟರಲ್ಲಿ ತಿಳಿಯುತ್ತದೆ. ತಿಳಿದ ಮೇಲೆ ಮಾರನೆಯ ದಿನ, ಸ್ವರೂಪವಿಲ್ಲದೆ, ಮೂವತ್ತು ಜನವಿಲ್ಲದೆ, ಇಬ್ಬರೇ ಹೋಗಿ ಹೆಂಚು ಸರಿಮಾಡಿ ಬರುವ ಎರಡನೆಯ ಭೇಟಿ ನಮ್ಮಲ್ಲಿ ಇಲ್ಲ.

ನಮ್ಮಲ್ಲಿ ಹಿಂದೆ ಗುಟ್ಟಿನ ದಾನವೂ ಇತ್ತು. ಅಜ್ಜಿ ಪ್ರತಿ ಅಡುಗೆಗೆ ಮುಂಚೆ ಒಂದು ಹಿಡಿ ಅಕ್ಕಿಯನ್ನು ಬೇರೆ ಮಡಕೆಗೆ ಹಾಕುತ್ತಿದ್ದಳು. ಮಡಕೆ ತುಂಬಿದಾಗ ಅದು ಎಲ್ಲಿಗೆ ಹೋಗುತ್ತಿತ್ತೆಂದು ತಾತನಿಗೂ ಗೊತ್ತಿರಲಿಲ್ಲ. ಕೆ.ಆರ್. ನಗರದ ಬಳಿಯ ದೋರನಹಳ್ಳಿಯಲ್ಲಿ ಜೂನ್ 13ರ ಸಂತ ಅಂತೋಣಿಯವರ ಹಬ್ಬಕ್ಕೆ ಬರುವವರಲ್ಲಿ ಎಲ್ಲ ಜಾತಿ ಮತದವರೂ ಇರುತ್ತಾರೆ. ಹರಕೆ ಹೊತ್ತವರು ಅಲ್ಲಿ ಅನ್ನ, ರೊಟ್ಟಿ ಹಂಚುವಾಗ ಪಡೆಯುವವರ ಹೆಸರನ್ನು ಯಾರೂ ಕೇಳುವುದಿಲ್ಲ. ಒಂದೇ ಸಾಲಿನಲ್ಲಿ ಹಸಿದವರೂ ಉಂಡವರೂ ಕೈಯೊಡ್ಡುತ್ತಾರೆ, ಪ್ರಸಾದವೆಂದು. ಇದಕ್ಕಿಂತ ಮರ್ಯಾದೆಯ ಹಂಚಿಕೆಯನ್ನು ನಾನು ಇಲ್ಲಿ ಕಂಡಿಲ್ಲ.

ಆದರೆ ಮೊಬೈಲ್ ಬಂದ ಮೇಲೆ ಬೇರೆಯೇ ಒಂದು ಸಂಪ್ರದಾಯ ಬೆಳೆದಿದೆ. ಕೆಲವು ವರ್ಷಗಳ ಹಿಂದೆ ಕ್ರಿಸ್ಮಸ್ಸಿಗೆ ಊರ ಕಡೆ ಬಂದಿದ್ದಾಗ, ಪಟ್ಟಣದ ಒಂದು ದೇವಾಲಯದ ಅಂಗಳದಲ್ಲಿ ಬಡ ಕುಟುಂಬಗಳಿಗೆ ಅಕ್ಕಿ, ಬೇಳೆ, ಎಣ್ಣೆ ಮತ್ತು ಸೀರೆ ಕೊಡುವ ಕಾರ್ಯಕ್ರಮವಿತ್ತು. ಶಾಮಿಯಾನ, ಮೈಕು, ಸ್ವಾಗತ ಭಾಷಣ. ಹೆಸರು ಕೂಗಿದಂತೆ ಒಬ್ಬೊಬ್ಬರೇ ವೇದಿಕೆಗೆ ಬಂದು, ಚೀಲದ ಒಂದು ಕಿವಿಯನ್ನು ತಾವು ಹಿಡಿದು, ಇನ್ನೊಂದು ಕಿವಿ ಹಿಡಿದ ದಾನಿಗಳ ಜೊತೆ ಫೋಟೋಕ್ಕೆ ನಿಲ್ಲಬೇಕು. ಹಿರಿಯ ಮಹಿಳೆಯೊಬ್ಬರು ಫೋಟೋ ತೆಗೆಯುವ ಹೊತ್ತಿಗೆ ಸೆರಗನ್ನು ಮುಖಕ್ಕೆ ಎಳೆದುಕೊಂಡರು. ಸೆರಗು ತೆಗಿಯಮ್ಮಾ, ಮುಖ ಬರ್ತಿಲ್ಲ ಎಂದು ಫೋಟೋದವನು ಕೂಗಿದ. ಅವರು ತೆಗೆದರು. ನಾನು ವೇದಿಕೆಯ ಮೇಲೆ ದಾನಿಗಳ ಸಾಲಿನಲ್ಲೇ ಕುಳಿತಿದ್ದೆ, ವಿದೇಶದಿಂದ ಬಂದ ಅತಿಥಿ ಎಂದು ನನಗೂ ಶಾಲು ಹೊದಿಸಿದ್ದರು. ಎದ್ದು ಒಂದು ಮಾತು ಆಡಬಹುದಿತ್ತು. ಆಡಲಿಲ್ಲ. ಬಲಗೈ ಮಾಡಿದ್ದು ಎಡಗೈಗೆ ತಿಳಿಯದಿರಲಿ ಎಂಬ ಯೇಸುವಿನ ಮಾತು ಅಂದಿನ ಸ್ವಾಗತ ಭಾಷಣದಲ್ಲೇ ಬಂದಿತ್ತು.

ಇಷ್ಟು ಹೇಳಿದೆನೆಂದು ಇಲ್ಲಿಯವರೆಲ್ಲ ಗುಪ್ತದಾನಿಗಳೆಂದು ಓದುಗರು ತಿಳಿಯಬಾರದು. ನೀಲಿ ಚೀಲ ನಮ್ಮ ಎಂಟು ಜನರ ಕೋಣೆಯಲ್ಲಿ ಮಾತ್ರ. ಮೊತ್ತ ದೊಡ್ಡದಾದ ಕೂಡಲೇ ಹೆಸರು ಹೊರಗೆ ಬರುತ್ತದೆ. ಪ್ರತಿ ವರ್ಷ ಜೂನಿನಲ್ಲಿ ದೊಡ್ಡ ಕಂಪನಿಗಳ ಮುಖ್ಯಸ್ಥರು ಒಂದು ರಾತ್ರಿ ಬಯಲಲ್ಲಿ ರಟ್ಟಿನ ಮೇಲೆ ಮಲಗಿ, ಮನೆಯಿಲ್ಲದವರಿಗಾಗಿ ವಿನ್ನಿಸ್‌ಗೆ ಹಣ ಕೂಡಿಸುತ್ತಾರೆ. 2006ರಲ್ಲಿ ಸಿಡ್ನಿಯಲ್ಲಿ ಶುರುವಾದ ಕಾರ್ಯಕ್ರಮವಿದು. ಯಾರು ಎಷ್ಟು ಕೂಡಿಸಿದರೆಂಬ ಪಟ್ಟಿ ಎಲ್ಲರಿಗೂ ಕಾಣುತ್ತದೆ, ಫೋಟೋಗಳೂ ಇರುತ್ತವೆ. ನಮ್ಮೂರ ಫ್ಯಾನಿನ ರೆಕ್ಕೆಗೂ ಇದಕ್ಕೂ ಗುಣದಲ್ಲಿ ಹೆಚ್ಚು ವ್ಯತ್ಯಾಸವಿಲ್ಲ. ಒಂದೇ ಒಂದು ವ್ಯತ್ಯಾಸವಿದೆ, ನನ್ನ ಮಟ್ಟಿಗೆ ಅದೇ ದೊಡ್ಡದು. ಆ ಫೋಟೋಗಳಲ್ಲಿ ರಟ್ಟಿನ ಮೇಲೆ ಮಲಗಿದ ಸಾಹೇಬರು ಇರುತ್ತಾರೆ, ನಿಜವಾಗಿ ಬೀದಿಯಲ್ಲಿ ಮಲಗುವವರ ಮುಖ ಇರುವುದಿಲ್ಲ.

ಇಲ್ಲಿ ತೆಳುವಾಗಿರುವುದು ಪ್ರಾರ್ಥನೆ. ನಮ್ಮ ಸಭೆಯ ಆರಂಭದ ಪ್ರಾರ್ಥನೆಯನ್ನು ಪ್ಲಾಸ್ಟಿಕ್ ಹೊದಿಸಿದ ಹಾಳೆಯಿಂದ ಓದುತ್ತೇವೆ, ಒಂದೂವರೆ ನಿಮಿಷ. ಹಳೆಯ ಬಟ್ಟೆ, ಪಾತ್ರೆ, ಮೇಜು ಕುರ್ಚಿ ಮಾರಿ ಹಣ ಕೂಡಿಸುವ ವಿನ್ನಿಸ್ ಅಂಗಡಿಗಳಲ್ಲಿ ವಾರಕ್ಕೆರಡು ದಿನ ಪುಕ್ಕಟೆಯಾಗಿ ನಿಂತು ದುಡಿಯುವ ಅನೇಕರು ದೇವಾಲಯದ ಕಡೆ ತಲೆಹಾಕಿಯೂ ಮಲಗುವುದಿಲ್ಲ. ಅದು ಅವರಿಗೆ ಬಿಟ್ಟದ್ದು, ಅವರ ದುಡಿಮೆ ನನ್ನ ಜಪಸರಕ್ಕಿಂತ ಕಡಿಮೆಯದೇನಲ್ಲ. ಆದರೆ ನಮ್ಮ ಎಂಟು ಜನರ ಕೋಣೆಯಲ್ಲೂ ಪ್ರಾರ್ಥನೆ ಸಭೆಯ ಎರಡು ತುದಿಗಳಿಗೆ ಹಾಕಿದ ಗಂಟಿನಂತಾಗಿ, ನಡುವಿನ ಮಾತುಗಳೊಳಗೆ ಇಳಿಯುವುದೇ ಇಲ್ಲ. ವರದಿಯಲ್ಲಿ ಬಡವರಿಗೆ ಹೆಸರಿಲ್ಲ, ಸಂಖ್ಯೆಯಿದೆ. ಗೋಪ್ಯತೆಗಾಗಿ ಅದು ಬೇಕು ನಿಜ. ಆದರೆ ಇಷ್ಟು ಬಿಲ್ಲು, ದಿನಸಿ ಕೊಳ್ಳಲು ಕೊಟ್ಟ ಇಷ್ಟು ಕಾರ್ಡು ಎಂದು ಲೆಕ್ಕ ಮುಗಿಸಿ, ಕೊನೆಗೆ 'ನಾವು ಭೇಟಿಯಾದ ಎಲ್ಲರಿಗಾಗಿ' ಎಂದು ಒಟ್ಟಾರೆ ಪ್ರಾರ್ಥಿಸುವಾಗ, ಹೆಸರುಗಳ ನಡುವೆ ಬೆಳೆದ ನನಗೆ ವಿಳಾಸ ಬರೆಯದ ಲಕೋಟೆಯನ್ನು ಅಂಚೆಗೆ ಹಾಕಿದಂತೆ ಅನಿಸುತ್ತದೆ.

ಈ ಎರಡು ರೀತಿಗಳು ಕಳೆದ ಚಳಿಗಾಲದಲ್ಲಿ ನಮ್ಮ ಮೇಜಿನ ಮೇಲೆಯೇ ಎದುರುಬದುರಾದವು. ಆಸ್ಟ್ರೇಲಿಯಾದ ಸಭೆಗಳು, ಅಂದರೆ ಸಂಘದ ನಮ್ಮಂಥ ಸ್ಥಳೀಯ ಗುಂಪುಗಳು, ಭಾರತ ಮೊದಲಾದ ದೇಶಗಳ ಸಭೆಗಳ ಜೊತೆ ಜೋಡಿಯಾಗುವ ಏರ್ಪಾಡು ಸಂಘದಲ್ಲಿದೆ. ಇಲ್ಲಿಂದ ಕಾಲಕಾಲಕ್ಕೆ ಸ್ವಲ್ಪ ಹಣ ಹೋಗುತ್ತದೆ, ಅಲ್ಲಿಂದ ಪತ್ರ ಬರುತ್ತದೆ. ನಮ್ಮ ಜೋಡಿ ಮೈಸೂರು ಸೀಮೆಯ ಒಂದು ಧರ್ಮಕೇಂದ್ರದ ಸಭೆ. ಅವರು ಕೆಲವು ಕುಟುಂಬಗಳನ್ನು ದತ್ತು ತೆಗೆದುಕೊಂಡು ದಿನಸಿ ಕೊಡುತ್ತಾರೆ. ಕಳೆದ ಜೂನಿನಲ್ಲಿ ಅವರ ಪತ್ರ ಬಂತು. ಇಂಗ್ಲಿಷಿನಲ್ಲಿ ಒಂದು ಪುಟ, ಕೊನೆಯಲ್ಲಿ ಕನ್ನಡದಲ್ಲಿ ನಾಲ್ಕು ಸಾಲು. ಪ್ರತಿ ಶನಿವಾರ ಸಂಜೆ ನಿಮ್ಮೆಲ್ಲರಿಗಾಗಿ ಜಪಸರದ ಒಂದು ಹತ್ತನ್ನು ಹೇಳುತ್ತಿದ್ದೇವೆ, ದಯವಿಟ್ಟು ನಿಮ್ಮ ಹೆಸರುಗಳನ್ನು ಬರೆದು ಕಳುಹಿಸಿ, ಹೆಸರು ಹೇಳಿ ಪ್ರಾರ್ಥಿಸುತ್ತೇವೆ ಎಂದಿತ್ತು. ಜೊತೆಗೆ ಅವರು ನೋಡಿಕೊಳ್ಳುತ್ತಿರುವ ಒಂಬತ್ತು ಕುಟುಂಬಗಳ ಯಜಮಾನ ಯಜಮಾನಿಯರ ಹೆಸರುಗಳ ಪಟ್ಟಿ, ಒಂದೊಂದು ಹೆಸರಿನ ಮುಂದೆ ಅವರ ಕಷ್ಟ, ಮತ್ತು ಒಂಬತ್ತು ಫೋಟೋಗಳು, ಎಲ್ಲರೂ ಚೀಲ ಹಿಡಿದು ನಿಂತದ್ದು.

ಕಾರ್ಯದರ್ಶಿಯಾದ ಹೆಂಗಸು ಫೋಟೋಗಳನ್ನು ನೋಡಿದ ಕೂಡಲೇ ಮಗುಚಿಹಾಕಿದರು. ಇವನ್ನು ನಾವು ಇಟ್ಟುಕೊಳ್ಳುವಂತಿಲ್ಲ, ಪಟ್ಟಿಯನ್ನೂ ಓದುವಂತಿಲ್ಲ, ಈ ಜನ ಇದಕ್ಕೆ ಒಪ್ಪಿದ್ದಾರೋ ಇಲ್ಲವೋ ಎಂದರು. ಅವರ ಮಾತಿನಲ್ಲಿ ತಪ್ಪಿರಲಿಲ್ಲ. ನನಗೆ ಸೆರಗೆಳೆದುಕೊಂಡ ಆ ಹಿರಿಯ ಮಹಿಳೆಯ ನೆನಪಾಯಿತು. ಆದರೆ ಮೈಸೂರು ಕಡೆಯವರು ಈ ಪಟ್ಟಿಯನ್ನು ಲೆಕ್ಕ ಒಪ್ಪಿಸಲು ಮಾತ್ರ ಕಳುಹಿಸಿಲ್ಲ, ಇವರಿಗಾಗಿ ಪ್ರಾರ್ಥಿಸಿ ಎಂದು ಕಳುಹಿಸಿದ್ದಾರೆ ಎಂದು ನಾನು ಹೇಳಿದೆ. ಕಷ್ಟದ ವಿವರ ಬೇಡ, ಫೋಟೋ ಬೇಡ, ಮನೆತನದ ಹೆಸರೂ ಬೇಡ, ಕರೆಯುವ ಹೆಸರನ್ನಷ್ಟೇ ಪ್ರಾರ್ಥನೆಯಲ್ಲಿ ಹೇಳೋಣ, ಆಮೇಲೆ ಹಾಳೆಯನ್ನು ಹರಿದುಬಿಡೋಣ ಎಂದೆ. ಅರ್ಧ ಗಂಟೆ ಚರ್ಚೆ ನಡೆಯಿತು. ಇಲ್ಲಿಯವರು ಚರ್ಚೆಯಲ್ಲಿ ದನಿ ಎತ್ತುವುದಿಲ್ಲ, ಆದರೆ ಮಣಿಯುವುದೂ ಇಲ್ಲ. ಹಿರಿಯರು ಆಡಿದ್ದು ಒಂದೇ ಮಾತು. ನಮಗಾಗಿ ಅವರು ಒಂದು ವರ್ಷದಿಂದ ಜಪ ಮಾಡುತ್ತಿದ್ದಾರಲ್ಲ, ನಾವು ಅವರಿಗಾಗಿ ಎಷ್ಟು ಸಲ ಮಾಡಿದ್ದೇವೆ ಎಂದು ಕೇಳಿದರು. ನಮ್ಮ ವರದಿ ಪುಸ್ತಕದಲ್ಲಿ ಆ ಜೋಡಿಯ ವಿಷಯ ಹಣ ಕಳುಹಿಸಿದ ತಾರೀಖುಗಳ ಜೊತೆಗಷ್ಟೇ ಇತ್ತು.

ಉತ್ತರ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಕನ್ನಡದಲ್ಲಿಯೇ ಬರೆದೆ. ಫೋಟೋ ಕಳುಹಿಸಬೇಡಿ ಎಂಬುದನ್ನು ಅವರ ಮನಸ್ಸು ನೋಯದಂತೆ ಹೇಗೆ ಬರೆಯುವುದೆಂದು ಮೂರು ರಾತ್ರಿ ಯೋಚಿಸಿ, ಕೊನೆಗೆ ಸೌದೆ ಹೊತ್ತ ಹುಡುಗರ ಕಥೆ ಬರೆದು, ಅವರು ಆ ಮನೆಯವರನ್ನು ಯಾರಿಗೂ ತೋರಿಸಲಿಲ್ಲ, ನಾವೂ ಹಾಗೆ ಮಾಡೋಣವೇ ಎಂದು ಕೇಳಿದೆ. ನಮ್ಮ ಎಂಟೂ ಜನರ ಹೆಸರನ್ನು ಕನ್ನಡ ಲಿಪಿಯಲ್ಲಿ ಬರೆದೆ, ಓದುವವರಿಗೆ ತೊಡಕಾಗದಂತೆ ಬಿಡಿಸಿ ಬಿಡಿಸಿ. ಕಾರ್ಯದರ್ಶಿಯವರು ತಮ್ಮ ಹೆಸರು ಕನ್ನಡದಲ್ಲಿ ಹೇಗೆ ಕಾಣುತ್ತದೆಂದು ಹಾಳೆಯನ್ನು ತಿರುಗಿಸಿ ತಿರುಗಿಸಿ ನೋಡಿದರು.

ಮುಂದಿನ ಸಭೆಯ ಕೊನೆಯಲ್ಲಿ, ಪ್ಲಾಸ್ಟಿಕ್ ಹಾಳೆಯನ್ನು ಕೆಳಗಿಟ್ಟು, ಆ ಒಂಬತ್ತು ಹೆಸರುಗಳನ್ನು ನಾನು ಓದಿದೆ. ಬೇರೆ ಯಾರಿಗೂ ಅವನ್ನು ಉಚ್ಚರಿಸಲು ಬರುತ್ತಿರಲಿಲ್ಲ. ನಾಲ್ಕನೆಯ ಹೆಸರು ಓದಿದಾಗ ಹಿರಿಯರು ಕಣ್ಣು ಮುಚ್ಚಿಕೊಂಡೇ ಕೈಯೆತ್ತಿ, ಇನ್ನೊಮ್ಮೆ, ನಿಧಾನವಾಗಿ, ಎಂದರು. ನಾನು ಹೇಳಿದೆ. ಅವರೂ ಹೇಳಿದರು, ಳಕಾರದಲ್ಲಿ ತಡವರಿಸಿ. ಮೂರನೆಯ ಸಲಕ್ಕೆ ಸರಿಯಾಯಿತು. ಆಮೇಲೆ ಐದನೆಯದಕ್ಕೆ ಹೋದೆವು.